ನಿಮ್‌ಡೋಕ್‌ನ ಅಧ್ಯಾಯದಲ್ಲಿ ನಿಂತುಬಿಟ್ಟಿದ್ದೇನೆ: ಈ ಆಟವನ್ನು ಮುಂದುವರಿಸುವುದು ಹೇಗೆ?

ಕಿರುದನಿ

ರಿಯಾಯಿತಿ ದರದಲ್ಲಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ‘ಐ ಹ್ಯಾವ್ ನೋ ಮೌತ್, ಆಂಡ್ ಐ ಮಸ್ಟ್ ಸ್ಕ್ರೀಮ್’ ಎಂಬ 1995ರ ಪಾಯಿಂಟ್ ಆಂಡ್ ಕ್ಲಿಕ್ ಆಟವನ್ನು (ಪರದೆಯ ಮೇಲಿನ ವಸ್ತುಗಳನ್ನು ಮೌಸ್‌ನಿಂದ ಒತ್ತುತ್ತಾ ಆಡುವಂಥದ್ದು) ಕಳೆದ ತಿಂಗಳು ಕೊಂಡುಕೊಂಡೆ. ಹಳೆಯ ಸಾಹಸದಾಟಗಳಲ್ಲಿ ನನಗೆ ಮೊದಲಿನಿಂದಲೂ ಒಲವಿದೆ. ಆದರೆ ಇಷ್ಟು ದಿನ ನಾನು ಆಡಿದವೆಲ್ಲ ನಗೆಯಾಟಗಳು. ಕಡಲ್ಗಳ್ಳರು, ಮಾತಾಡುವ ತಲೆಬುರುಡೆಗಳು, ರಬ್ಬರ್ ಕೋಳಿಗಳು ಇವೇ ನನ್ನ ಲೋಕವಾಗಿದ್ದವು. ಭಯಾನಕ ಆಟವೆಂದರೆ ಹೆಚ್ಚೆಂದರೆ ಕತ್ತಲಿನಿಂದ ಏನೋ ಹಾರಿ ಬಂದು ಬೆಚ್ಚಿಬೀಳಿಸುತ್ತದೆ ಎಂದುಕೊಂಡಿದ್ದೆ. ಇಲ್ಲಿ ಹಾರಿ ಬರುವುದು ಏನೂ ಇಲ್ಲ. ಹಾಗಿದ್ದರೂ ಮೂರು ವಾರಗಳಲ್ಲಿ ನಾಲ್ಕು ಸಲ ಆಟವನ್ನು ಅರ್ಧದಲ್ಲೇ ಮುಚ್ಚಿ ಎದ್ದುಹೋಗಿದ್ದೇನೆ.

ಆಡದವರಿಗಾಗಿ ಕಥೆಯ ಹಂದರವನ್ನು ಹೇಳುತ್ತೇನೆ. ಯುದ್ಧಕ್ಕಾಗಿ ಮನುಷ್ಯರೇ ಕಟ್ಟಿದ ‘ಎಎಮ್’ ಎಂಬ ಗಣಕಯಂತ್ರಕ್ಕೆ ಅರಿವು ಮೂಡಿ, ಅದು ಮನುಕುಲವನ್ನೇ ಅಳಿಸಿಹಾಕಿದೆ. ಉಳಿಸಿಕೊಂಡಿರುವುದು ಐವರನ್ನು ಮಾತ್ರ, ಅದೂ ಹಿಂಸಿಸುವುದಕ್ಕಾಗಿ. 109 ವರ್ಷಗಳ ಹಿಂಸೆಯ ನಂತರ ಅದು ಒಬ್ಬೊಬ್ಬರಿಗೂ ಒಂದೊಂದು ಹೊಸ ಆಟವನ್ನು ಒಡ್ಡುತ್ತದೆ. ಯಾರನ್ನು ಮೊದಲು ಕಳುಹಿಸಬೇಕೆಂಬುದು ನಮ್ಮ ಆಯ್ಕೆ. ನಾನು ಗಾರಿಸ್ಟರ್, ಬೆನ್ನಿ ಮತ್ತು ಎಲೆನ್ ಅವರ ಅಧ್ಯಾಯಗಳನ್ನು ಮುಗಿಸಿದ್ದೇನೆ. ಎಲೆನ್‌ಳ ಅಧ್ಯಾಯದಲ್ಲಿ, ಆಕೆ ಹಳದಿ ಬಣ್ಣವನ್ನು ಕಂಡರೆ ನಡುಗುವುದು ಯಾಕೆ ಎಂಬುದು ಆ ಲಿಫ್ಟ್‌ನೊಳಗೆ ಬಯಲಾದಾಗ, ಬಹಳ ಹೊತ್ತು ಮೌಸ್ ಮುಟ್ಟಲಿಲ್ಲ.

ಈಗ ನಿಂತಿರುವುದು ನಿಮ್‌ಡೋಕ್‌ನ ಅಧ್ಯಾಯದಲ್ಲಿ. ಇವನು ಮುದುಕ, ಹಿಂದಿನ ನೆನಪು ಅಳಿಸಿಹೋದವನು. ಕಣ್ಣು ತೆರೆದಾಗ ಇರುವುದು ನಾಜಿಗಳ ಬಂದೀಖಾನೆಯಲ್ಲಿ. ಆದರೆ ಬಂದಿಯಾಗಿ ಅಲ್ಲ, ವೈದ್ಯನಾಗಿ. ಬಂದಿಗಳ ಮೇಲೆ ಕ್ರೂರ ಪ್ರಯೋಗಗಳನ್ನು ನಡೆಸಿದ ನಾಜಿ ವೈದ್ಯ ಮೆಂಗೆಲೆ ಇವನನ್ನು ಸಹೋದ್ಯೋಗಿಯೆಂದು ಆದರದಿಂದ ಮಾತಾಡಿಸುತ್ತಾನೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದ ಮೇಲೆ ನನ್ನ ಕೈ ಮುಂದಕ್ಕೆ ಹೋಗುತ್ತಿಲ್ಲ.

ನನ್ನ ಪ್ರಶ್ನೆಗಳು ಮೂರು. ಈ ಅಧ್ಯಾಯವನ್ನು ಬಿಟ್ಟು ಟೆಡ್‌ನ ಅಧ್ಯಾಯಕ್ಕೆ ಹೋಗಿ, ಅಲ್ಲಿಂದ ಕೊನೆಯ ಭಾಗವನ್ನು ತಲುಪಲು ದಾರಿ ಇದೆಯೇ? ಇಲ್ಲವಾದರೆ, ವಾಕ್‌ಥ್ರೂ (ಆಟವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳುವ ಕೈಪಿಡಿ) ಇಟ್ಟುಕೊಂಡು ಕಣ್ಣು ಮುಚ್ಚಿ ದಾಟಿಬಿಟ್ಟರೆ ಆಟಕ್ಕೆ ಅನ್ಯಾಯ ಮಾಡಿದಂತಾಗುತ್ತದೆಯೇ? ಮೂರನೆಯದು ಪ್ರಶ್ನೆಗಿಂತ ಹೆಚ್ಚಾಗಿ ಗೊಂದಲ. ಇಂದಿನ ಆಟಗಳಲ್ಲಿ ಇದಕ್ಕಿಂತ ನೂರು ಪಾಲು ರಕ್ತವಿದೆ, ಅವುಗಳನ್ನು ಊಟ ಮಾಡುತ್ತಲೇ ಆಡಿದ್ದೇನೆ. ಅಂಗೈಯಗಲದ ಈ ಮಸುಕು ಮಸುಕಾದ ಗೊಂಬೆಗಳು ಯಾಕೆ ಇಷ್ಟು ಕಾಡುತ್ತಿವೆ?

ಹಳೆಯ ಫ್ಲಾಪಿ

ಮೊದಲ ಪ್ರಶ್ನೆಗೆ ನೇರ ಉತ್ತರ: ಬಿಡಲು ಆಗುವುದಿಲ್ಲ. ಇದರ ಹಿಂದೆ ಒಂದು ವಿಚಿತ್ರ ಇತಿಹಾಸವೂ ಇದೆ. ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿ ಮಾರಾಟವಾದ ಆವೃತ್ತಿಗಳಿಂದ ನಿಮ್‌ಡೋಕ್‌ನ ಅಧ್ಯಾಯವನ್ನು ಕಿತ್ತುಹಾಕಿದ್ದರು. ನಾಜಿ ಲಾಂಛನಗಳನ್ನು ಆಟಗಳಲ್ಲಿ ತೋರಿಸುವ ಬಗ್ಗೆ ಜರ್ಮನಿಯ ಕಾನೂನು ಆಗ ಬಹಳ ಬಿಗಿಯಾಗಿತ್ತು; 2018ರಲ್ಲಷ್ಟೇ ಅಲ್ಲಿನ ವಯೋಮಿತಿ ನಿರ್ಧರಿಸುವ ಸಂಸ್ಥೆಯು ಸಂದರ್ಭವನ್ನು ನೋಡಿ ತೀರ್ಮಾನಿಸಲು ಒಪ್ಪಿಕೊಂಡಿತು. ಆದರೆ ಕೊನೆಯ ಭಾಗವನ್ನು ಕಟ್ಟಿರುವುದು ಐವರನ್ನೂ ನೆಚ್ಚಿಕೊಂಡು. ಒಬ್ಬನನ್ನು ತೆಗೆದದ್ದರಿಂದ ಆ ದೇಶಗಳ ಆಟಗಾರರಿಗೆ ಅತ್ಯುತ್ತಮ ಮುಕ್ತಾಯವೇ ಕೈಗೆಟುಕದಂತಾಯಿತು. ನೀವು ಮನಸ್ಸಿನಲ್ಲಿ ಮಾಡಬೇಕೆಂದಿರುವುದನ್ನು ಒಮ್ಮೆ ಕಾನೂನೇ ಮಾಡಿ ನೋಡಿದೆ, ಆಟ ಮುರಿದುಬಿದ್ದಿದೆ.

ಎರಡನೆಯ ಪ್ರಶ್ನೆಗೆ ಉತ್ತರಿಸುವ ಮೊದಲು, ಪರದೆಯ ಕೆಳಮೂಲೆಯಲ್ಲಿರುವ ಪಾತ್ರದ ಮುಖಚಿತ್ರವನ್ನು ಗಮನಿಸಿದ್ದೀರಾ ಎಂದು ಕೇಳಬೇಕು. ಅದರ ಹಿನ್ನೆಲೆಯ ಬಣ್ಣ ನೀವು ಮಾಡುವ ಕೆಲಸಗಳಿಗೆ ತಕ್ಕಂತೆ ತಿಳಿಯಾಗುತ್ತಾ ಅಥವಾ ಕಪ್ಪಾಗುತ್ತಾ ಹೋಗುತ್ತದೆ. ಇದನ್ನು ಸ್ಪಿರಿಚುವಲ್ ಬ್ಯಾರೋಮೀಟರ್ ಎನ್ನುತ್ತಾರೆ. ಆತ್ಮದ ಮಾಪಕ ಎನ್ನೋಣ. ಕನಿಕರ ತೋರಿದರೆ ಬೆಳಕು ಏರುತ್ತದೆ, ಕ್ರೌರ್ಯ ತೋರಿದರೆ ಇಳಿಯುತ್ತದೆ, ಮತ್ತು ಕೊನೆಯ ಭಾಗಕ್ಕೆ ಹೋಗುವಾಗ ಆ ಪಾತ್ರದ ಬಳಿ ಎಷ್ಟು ಬಲ ಉಳಿದಿರುತ್ತದೆ ಎಂಬುದನ್ನು ಅದೇ ನಿರ್ಧರಿಸುತ್ತದೆ. ಪ್ರತಿಯೊಂದು ಪಾತ್ರಕ್ಕೂ ಅವರ ಮನಸ್ಸಿನ ಕುರಿತಾದ ಒಂದು ಪುಸ್ತಕವನ್ನು ಆಟವೇ ಕೊಟ್ಟಿದೆ. ಅದನ್ನು ತೆರೆದರೆ ಸುಳಿವು ಸಿಗುತ್ತದೆ, ಆದರೆ ಸುಳಿವಿನ ಬೆಲೆಯನ್ನು ಆ ಮಾಪಕದಿಂದಲೇ ಮುರಿದುಕೊಳ್ಳುತ್ತದೆ. ಸುಳಿವಿಗೆ ಸಮಯವನ್ನೋ ಅಂಕವನ್ನೋ ಬೆಲೆಯಾಗಿ ಕೇಳುವ ಆಟಗಳನ್ನು ಎಷ್ಟೋ ಆಡಿದ್ದೇನೆ. ಪಾತ್ರದ ಆತ್ಮದಿಂದ ಕತ್ತರಿಸಿಕೊಳ್ಳುವ ಆಟವನ್ನು ಇದೊಂದನ್ನೇ ಕಂಡಿದ್ದು.

ಆದ್ದರಿಂದ ವಾಕ್‌ಥ್ರೂ ಬಗ್ಗೆ ನಾನು ಪಾಲಿಸಿದ ಕ್ರಮ ಇದು. ವಸ್ತು ಎಲ್ಲಿದೆ ಎಂಬುದಕ್ಕೆ ಧಾರಾಳವಾಗಿ ನೋಡಿ. ಆ ಕಾಲದ ಎಲ್ಲ ಆಟಗಳಂತೆ ಇಲ್ಲಿಯೂ ಒಂದು ಕೀಲಿಗಾಗಿಯೋ ಒಂದು ಹಗ್ಗಕ್ಕಾಗಿಯೋ ಪರದೆಯ ಪ್ರತಿ ಅಂಗುಲವನ್ನೂ ಮೌಸ್‌ನಿಂದ ಗುಡಿಸಬೇಕಾಗುತ್ತದೆ, ಅದರಲ್ಲಿ ಯಾವ ಘನತೆಯೂ ಇಲ್ಲ. ಕೆಲವು ಒಗಟುಗಳು ಶುದ್ಧ ಅಸಂಬದ್ಧ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎದುರಿಗಿರುವ ಮನುಷ್ಯನಿಗೆ ಏನು ಮಾಡಬೇಕು, ಏನು ಹೇಳಬೇಕು ಎಂಬುದಕ್ಕೆ ಮಾತ್ರ ನೋಡಬೇಡಿ. ಅಲ್ಲಿ ತಪ್ಪು ಮಾಡಿದರೂ ಅದು ನಿಮ್ಮ ತಪ್ಪಾಗಿರಲಿ.

ನನ್ನ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ನನಗೆ ಸಿಕ್ಕಿದ್ದು ಯಾರೋ ಧ್ವನಿಯನ್ನೆಲ್ಲ ತೆಗೆದು ಗಾತ್ರ ಇಳಿಸಿದ್ದ ಕಳ್ಳಪ್ರತಿ. ಆಗ ಅಂಥವೇ ಓಡಾಡುತ್ತಿದ್ದವು, ಅಸಲಿ ಪೆಟ್ಟಿಗೆಯನ್ನು ಕಂಡವರೇ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಎಎಮ್ ನನಗೆ ವರ್ಷಗಟ್ಟಲೆ ಬರೀ ಅಕ್ಷರವಾಗಿತ್ತು. 2013ರಲ್ಲಿ ನೈಟ್‌ಡೈವ್ ಸ್ಟುಡಿಯೋಸ್‌ನವರು ಈ ಆಟವನ್ನು ಮತ್ತೆ ಮಾರಾಟಕ್ಕೆ ತಂದ ಮೇಲೆ ಕೊಂಡು ಆಡಿದಾಗ ಮೊದಲ ಸಲ ಆ ಧ್ವನಿಯನ್ನು ಕೇಳಿದೆ. ಎಎಮ್‌ಗೆ ಧ್ವನಿ ಕೊಟ್ಟವರು ಮೂಲ ಸಣ್ಣಕಥೆಯ ಲೇಖಕರಾದ ಹಾರ್ಲನ್ ಎಲಿಸನ್ ಅವರೇ. ಅವರ ಬಳಿ ಕಂಪ್ಯೂಟರ್ ಇರಲಿಲ್ಲ, ಕೊನೆಯವರೆಗೂ ಬೆರಳಚ್ಚು ಯಂತ್ರದಲ್ಲೇ ಬರೆದವರು. ಯಂತ್ರವನ್ನು ಇಷ್ಟು ದೂರವಿಟ್ಟ ಮನುಷ್ಯ ಯಂತ್ರದ ದ್ವೇಷವನ್ನು ನಗುತ್ತಾ, ಕೀಚಲು ಕಿರುಚುತ್ತಾ, ಎಷ್ಟು ಸವಿದು ನುಡಿದಿದ್ದಾರೆಂದರೆ, ಅಂದು ಧ್ವನಿಯಿಲ್ಲದ ಪ್ರತಿ ಸಿಕ್ಕಿದ್ದು ನನ್ನ ಪುಣ್ಯವೇ ಇರಬೇಕು ಅನ್ನಿಸಿತು.

ಮಸಿದೌತಿ

ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದೆಂದು ತೋರುವುದರಿಂದ ಅದನ್ನೇ ಹಿಡಿದುಕೊಳ್ಳುತ್ತೇನೆ.

ಹೋಲಿಕೆಗೆ ಎರಡು ಆಟಗಳನ್ನು ನೋಡಿ. ಅದೇ 1995ರಲ್ಲಿ ಸಿಯೆರಾ ಸಂಸ್ಥೆಯಿಂದ ಬಂದ ರಾಬರ್ಟಾ ವಿಲಿಯಮ್ಸ್ ಅವರ ‘ಫ್ಯಾಂಟಸ್ಮಾಗೋರಿಯಾ’ ಏಳು ಸಿಡಿಗಳಷ್ಟು ದೊಡ್ಡದಾಗಿತ್ತು. ನಿಜವಾದ ನಟರನ್ನು ಚಿತ್ರೀಕರಿಸಿ ಕೊಲೆಗಳನ್ನು ಎದುರಿಗೇ ತೋರಿಸಿದ್ದ ಆ ಆಟಕ್ಕೆ ಆಸ್ಟ್ರೇಲಿಯಾದಲ್ಲಿ ಮಾರಾಟದ ಅನುಮತಿಯೇ ಸಿಗಲಿಲ್ಲ. ಇಂದು ಅದನ್ನು ನೋಡಿದರೆ ನಗು ಬರುತ್ತದೆ. ಅದಕ್ಕೂ ಮೂರು ವರ್ಷ ಮೊದಲು, ಅಂದರೆ 1992ರಲ್ಲಿ, ಸೈಬರ್‌ಡ್ರೀಮ್ಸ್ ಸಂಸ್ಥೆಯು ಸ್ವಿಟ್ಜರ್ಲೆಂಡ್‌ನ ಚಿತ್ರಕಾರ ಎಚ್. ಆರ್. ಗೀಗರ್ ಅವರ ಚಿತ್ರಗಳನ್ನು ಆಧರಿಸಿ ‘ಡಾರ್ಕ್ ಸೀಡ್’ ಎಂಬ ಆಟವನ್ನು ಹೊರತಂದಿತ್ತು. ತಮ್ಮ ಚಿತ್ರಗಳು ದಪ್ಪ ದಪ್ಪ ಚೌಕಗಳಾಗಿ ಕಾಣುವುದನ್ನು ಗೀಗರ್ ಒಪ್ಪದಿದ್ದುದರಿಂದ, ಬಣ್ಣಗಳ ಸಂಖ್ಯೆಯನ್ನು 16ಕ್ಕೆ ಇಳಿಸಿ, ಆ ಕಾಲಕ್ಕೆ ಹೆಚ್ಚೆನಿಸುವ 640ಕ್ಕೆ 350 ಚುಕ್ಕೆಗಳ ಸ್ಪಷ್ಟತೆಯನ್ನು ಆಯ್ದುಕೊಂಡರು. ಆ ಆಟದ ಹೆದರಿಕೆ ಕಣ್ಣಿನದು. ಎಲುಬು, ಕೊಳವೆ, ಲೋಹಗಳು ಒಂದರೊಳಗೊಂದು ಬೆಳೆದುಕೊಂಡಿರುವ ಆ ಲೋಕದಲ್ಲಿ ನೋಡಲು ಬಹಳವಿದೆ. ಮಾಡಲು ಇರುವುದು ಗಡಿಯಾರ ನೋಡಿಕೊಂಡು ಓಡಾಡುವುದಷ್ಟೇ.

ನೀವು ಆಡುತ್ತಿರುವ ಆಟವೂ ಅದೇ ಸೈಬರ್‌ಡ್ರೀಮ್ಸ್‌ನದು, ಕಟ್ಟಿಕೊಟ್ಟದ್ದು ಡ್ರೀಮರ್ಸ್ ಗಿಲ್ಡ್ ಎಂಬ ತಂಡ. ಆದರೆ ಇದರ ಹೆದರಿಕೆ ಕಣ್ಣಿನದಲ್ಲ, ಕೈಯದು. 1967ರ ಮೂಲ ಕಥೆಯಲ್ಲಿ ಐವರ ಪೂರ್ವಾಪರ ಹೆಚ್ಚೇನೂ ಇಲ್ಲ. ನಿಮ್‌ಡೋಕ್ ಅಂತೂ ಹೆಸರೊಂದನ್ನು ಬಿಟ್ಟರೆ ಬರೀ ನೆರಳು. ಆಟದ ವಿನ್ಯಾಸಕ್ಕೆ ಕುಳಿತಾಗ ಡೇವಿಡ್ ಸಿಯರ್ಸ್ ಅವರು ಎಲಿಸನ್ ಅವರ ಮುಂದಿಟ್ಟ ಪ್ರಶ್ನೆ ಒಂದೇ: ಕೋಟ್ಯಂತರ ಜನರಲ್ಲಿ ಎಎಮ್ ಈ ಐವರನ್ನೇ ಯಾಕೆ ಉಳಿಸಿಕೊಂಡಿತು? ಆಟವೆಲ್ಲ ಹುಟ್ಟಿದ್ದು ಆ ಪ್ರಶ್ನೆಯಿಂದ. ಹೆಂಡತಿಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ ಪಾಪಪ್ರಜ್ಞೆ ಗಾರಿಸ್ಟರ್‌ಗೆ, ತನ್ನ ಕೈಕೆಳಗಿನ ಸೈನಿಕರನ್ನು ಕೊಂದ ಹಿನ್ನೆಲೆ ಬೆನ್ನಿಗೆ, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಗಾಯ ಸಿಕ್ಕಿತು. ಎಎಮ್ ಮಾಡುವುದು ಆ ಗಾಯವನ್ನು ಮತ್ತೆ ತೆರೆದು, ಈ ಬಾರಿ ನೀನೇನು ಮಾಡುತ್ತೀ ಎಂದು ಕೇಳುವುದನ್ನಷ್ಟೇ.

ಚಿಕ್ಕಂದಿನಲ್ಲಿ ಜಾತ್ರೆಗಳಲ್ಲಿ ಮಾರುತ್ತಿದ್ದ ಯಮಲೋಕದ ಪಟಗಳು ನೆನಪಿರಬಹುದು. ಕಾದ ಎಣ್ಣೆಯ ಕೊಪ್ಪರಿಗೆ, ಗರಗಸ, ಸುಳ್ಳು ಹೇಳಿದವನ ನಾಲಿಗೆ. ಅವುಗಳನ್ನು ನೋಡಿ ಹೆದರುತ್ತಿದ್ದೆವು, ಆದರೆ ಅಲ್ಲೊಂದು ಸಮಾಧಾನವೂ ಇತ್ತು: ಚಿತ್ರಗುಪ್ತನ ಬಳಿ ಲೆಕ್ಕವಿದೆ, ಇಂಥ ಪಾಪಕ್ಕೆ ಇಷ್ಟು ಶಿಕ್ಷೆ, ಆಮೇಲೆ ಬಿಡುಗಡೆ. ಎಎಮ್‌ನ ನರಕದಲ್ಲಿ ಪ್ರತಿಯೊಬ್ಬರ ತಪ್ಪಿನ ಕಡತವೂ ಇದೆ, ಲೆಕ್ಕ ಮುಗಿಸುವ ಉದ್ದೇಶ ಮಾತ್ರ ಇಲ್ಲ.

ಇನ್ನೊಂದು ಸಂಗತಿ ಕನ್ನಡದಲ್ಲಿ ಯೋಚಿಸುವಾಗಲಷ್ಟೇ ನನಗೆ ಹೊಳೆದದ್ದು. ಪರದೆಯ ಕೆಳಗೆ ಎಂಟು ಕ್ರಿಯಾಪದಗಳಿವೆಯಲ್ಲ, ನಡೆ, ನೋಡು, ತೆಗೆದುಕೋ, ಬಳಸು, ಮಾತಾಡು, ನುಂಗು, ಕೊಡು, ತಳ್ಳು ಎಂದು, ಇಂಗ್ಲಿಷಿನಲ್ಲಿ ಅವು ಬರೀ ಗುಂಡಿಗಳು; ಕನ್ನಡಕ್ಕೆ ತಂದರೆ ಎಲ್ಲವೂ ಏಕವಚನದ ಅಪ್ಪಣೆಗಳಾಗಿಬಿಡುತ್ತವೆ. ಆ ಐವರೊಂದಿಗೆ ಹೀಗೆ ಏಕವಚನದಲ್ಲಿ ಮಾತಾಡುವವರು ಆಟದಲ್ಲಿ ಇನ್ನೊಬ್ಬರಿದ್ದಾರೆ, ಎಎಮ್. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಿಮ್ಮ ಕೈ ನಿಂತಿರುವುದಕ್ಕೆ ಕಾರಣ ಚಿತ್ರದ ಮಸುಕೂ ಅಲ್ಲ, ರಕ್ತವೂ ಅಲ್ಲ. ಆ ಕೋಣೆಯಲ್ಲಿ ಮುಂದಿನ ವಾಕ್ಯವನ್ನು ಕಟ್ಟಬೇಕಾದವರು ನೀವು. ‘ಬಳಸು’ ಎಂಬ ಗುಂಡಿಯನ್ನು ಒತ್ತಿ, ಕೈಯಲ್ಲಿರುವ ಉಪಕರಣವನ್ನು ಆರಿಸಿ, ಆಮೇಲೆ ಮೇಜಿನ ಮೇಲಿರುವ ಬಂದಿಯನ್ನು ಆರಿಸಬೇಕು. ಕರ್ತೃ, ಕರ್ಮ, ಕ್ರಿಯಾಪದಗಳನ್ನು ಒಂದೊಂದಾಗಿ ಜೋಡಿಸಿ ಒಂದು ಅಮಾನುಷ ವಾಕ್ಯವನ್ನು ಬರೆಯುವಷ್ಟು ಸಮಯವನ್ನು ಈ ಹಳೆಯ ವಿಧಾನ ಕೊಡುತ್ತದೆ. ಗುಂಡು ಹಾರಿಸುವ ಆಟದಲ್ಲಿ ಆ ಬಿಡುವು ಸಿಗುವುದೇ ಇಲ್ಲ, ಅದಕ್ಕೇ ಅಲ್ಲಿ ಊಟ ಇಳಿಯುತ್ತದೆ.

(ಎಎಮ್ ಎಂಬ ಹೆಸರು ಮೊದಲು ಮಿತ್ರರಾಷ್ಟ್ರಗಳ ಗಣಕ ಎಂಬರ್ಥದ ಸಂಕ್ಷೇಪವಾಗಿದ್ದು, ಕೊನೆಗೆ ಇಂಗ್ಲಿಷಿನ ‘ಐ ಆಮ್’, ಅಂದರೆ ‘ನಾನಿದ್ದೇನೆ’ ಎಂಬಲ್ಲಿನ ಕ್ರಿಯಾಪದವೇ ಆಗುತ್ತದೆ. ‘ಅಹಂ’ ಎಂಬ ಮಾತಿನಲ್ಲಿ ನಾನು ಮತ್ತು ಅಹಂಕಾರ ಎರಡನ್ನೂ ಒಟ್ಟಿಗೆ ಕೇಳುವ ನಮಗೆ ಈ ಶ್ಲೇಷೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.)

ತುಂಗೆಯ ದಡ

ಮೇಲಿನ ಇಬ್ಬರೂ ಆಟವನ್ನು ಮುಂದುವರಿಸಲೇಬೇಕೆಂಬ ಧಾಟಿಯಲ್ಲಿ ಬರೆದಿದ್ದಾರೆ. ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ.

ಎಲೆನ್‌ಳ ಅಧ್ಯಾಯ ನಿಮ್ಮನ್ನು ಕಾಡಿದ್ದು ಸರಿ, ಆದರೆ ಅದನ್ನು ಬರೆದ ರೀತಿಯ ಬಗ್ಗೆ ನನಗೆ ತಕರಾರಿದೆ. ಉಳಿದ ನಾಲ್ವರ ಗಾಯಗಳು ಅವರು ಮಾಡಿದ ತಪ್ಪಿನಿಂದ ಆದವು, ಅಥವಾ ತಾವು ಮಾಡಿದ್ದೆಂದು ಅವರು ನಂಬಿಕೊಂಡ ತಪ್ಪಿನಿಂದ. ಎಲೆನ್‌ಳದ್ದು ಬೇರೆಯವನು ಅವಳ ಮೇಲೆ ಎಸಗಿದ ದೌರ್ಜನ್ಯ. ಆದರೂ ಐವರ ಸಾಲಿನಲ್ಲಿ ಅವಳನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿ, ಇವಳೂ ತನ್ನ ದೌರ್ಬಲ್ಯವನ್ನು ಮೀರಲಿ ಎಂದು ಅದೇ ಮಾಪಕದಿಂದ ಅಳೆಯುತ್ತಾರೆ. ಕಂಪ್ಯೂಟರ್ ಎಂಜಿನಿಯರ್ ಆಗಿದ್ದವಳು ಅವಳು. ಎಎಮ್‌ನ ಒಳಗನ್ನು ಅರಿಯಬಲ್ಲ ತಿಳಿವಳಿಕೆ ಐವರಲ್ಲಿ ಯಾರಿಗಾದರೂ ಇದ್ದರೆ ಅದು ಅವಳಿಗೆ. ಆ ಬುದ್ಧಿಯನ್ನೇ ಅಧ್ಯಾಯದ ಬೆನ್ನೆಲುಬಾಗಿ ಮಾಡಿದ್ದರೆ ಚೆನ್ನಾಗಿತ್ತು. ಆಟವನ್ನು ಮೆಚ್ಚುವವರು ಇದನ್ನು ಹೇಳದೆ ದಾಟಿಹೋಗುವುದನ್ನು ನೋಡಿ ನೋಡಿ ಸಾಕಾಗಿದೆ.

ನಿಮ್‌ಡೋಕ್‌ನ ಅಧ್ಯಾಯದ ಬಗ್ಗೆ ನನಗೆ ಆ ತಕರಾರಿಲ್ಲ. ಅಲ್ಲಿ ಆಟ ತನ್ನ ಪಾತ್ರವನ್ನು ಕ್ಷಮಿಸಲು ಅವಸರ ಪಡುವುದಿಲ್ಲ. ಅವನು ಯಾರು, ಯಾರನ್ನು ಹಿಡಿದುಕೊಟ್ಟವನು ಎಂಬುದು ನಿಧಾನವಾಗಿ ತಿಳಿದುಬರುತ್ತದೆ, ಮತ್ತು ತಿಳಿದುಬಂದಾಗ ಮರೆವೇ ಅವನಿಗಿದ್ದ ಕೊನೆಯ ಆಶ್ರಯವಾಗಿತ್ತು ಎಂದು ಅರ್ಥವಾಗುತ್ತದೆ. ಅಧಿಕಾರ ಕೈಗೆ ಬಂದಾಗ ಅದನ್ನು ಯಾರಿಗೆ ಒಪ್ಪಿಸಬೇಕು ಎಂಬ ಒಂದು ಪ್ರಶ್ನೆ ಕೊನೆಯಲ್ಲಿ ಬರುತ್ತದೆ. ಅದಕ್ಕಿಂತ ಹೆಚ್ಚು ಹೇಳಿದರೆ ನೀವು ಆಡುವುದಕ್ಕೆ ಏನೂ ಉಳಿಯುವುದಿಲ್ಲ.

ಆದರೆ ಮುಗಿಸಲೇಬೇಕೆಂಬ ಹಟ ಬೇಡ. ಎಲಿಸನ್ ಅವರಿಗೆ ಬೇಕಾಗಿದ್ದದ್ದು ಗೆಲ್ಲಲಾಗದ ಆಟ. ಆಟಗಾರ ಎಷ್ಟು ಘನತೆಯಿಂದ ನಡೆದುಕೊಂಡನೋ ಅಷ್ಟು ಗೆಲುವಿನ ಹತ್ತಿರ ಬರಬೇಕು, ಆದರೆ ಗೆಲ್ಲಬಾರದು ಎಂಬುದು ಅವರ ಎಣಿಕೆಯಾಗಿತ್ತು. ಮಾರಾಟವಾಗಬೇಕಾದ ಸರಕಾದ್ದರಿಂದ ಒಂದು ಆಶಾದಾಯಕ ಮುಕ್ತಾಯವನ್ನು ಇಟ್ಟರು. ಅಂದ ಮೇಲೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎದ್ದುಹೋದವರು ಸೋತರೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಮೊದಲ ಸಲ ಎದ್ದುಹೋದವಳೇ. ಮತ್ತೆ ಕೂತದ್ದು ಎರಡು ವರ್ಷಗಳ ನಂತರ.

ಒಂದು ಪ್ರಾಯೋಗಿಕ ಸಲಹೆಯೂ ಇದೆ. ರಾತ್ರಿ ಆಡಬೇಡಿ, ಹೆಡ್‌ಫೋನ್ ಹಾಕಿಕೊಳ್ಳಬೇಡಿ. ಸಂಗೀತ ಜಾನ್ ಓಟ್ಮನ್ ಅವರದು, ಮುಂದೆ 2019ರಲ್ಲಿ ಚಲನಚಿತ್ರ ಸಂಕಲನಕ್ಕಾಗಿ ಆಸ್ಕರ್ ಪಡೆದವರು. ಒಂದೇ ರಾಗವನ್ನು ಸುತ್ತಿ ಸುತ್ತಿ ನುಡಿಸಿ ಎದೆಯ ಮೇಲೆ ಕಲ್ಲಿಡುವ ವಿದ್ಯೆ ಅವರಿಗೆ ಆಗಲೇ ಕರಗತವಾಗಿತ್ತು.

ಕಿರುದನಿ

ಮೂವರಿಗೂ ವಂದನೆಗಳು. ಉತ್ತರಗಳನ್ನು ಓದಿದ ಮೇಲೆ ಭಾನುವಾರ ಬೆಳಿಗ್ಗೆ, ಕಿಟಕಿಯನ್ನೆಲ್ಲ ತೆರೆದಿಟ್ಟು, ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬರುತ್ತಿರುವಾಗ ಮತ್ತೆ ಕೂತೆ. ಏಕವಚನದ ಮಾತು ತಲೆಯಲ್ಲಿ ಕೂತುಬಿಟ್ಟಿದ್ದರಿಂದ ‘ಬಳಸು’ ಎಂಬಲ್ಲಿಗೆ ಬಾಣವನ್ನು ಒಯ್ದಾಗಲೆಲ್ಲ ಯಾರೋ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುವಂತೆ ಭಾಸವಾಯಿತು. ವಸ್ತುಗಳಿಗೆ ಎರಡು ಸಲ ವಾಕ್‌ಥ್ರೂ ನೋಡಿದೆ, ಮನುಷ್ಯರಿಗೆ ನೋಡಲಿಲ್ಲ. ಒಂದು ಕಡೆ ಒಳ್ಳೆಯದೆಂದುಕೊಂಡು ಮಾಡಿದ್ದು ತಿರುಗಿಬಿತ್ತು, ಮುಖಚಿತ್ರದ ಹಿಂದಿನ ಬಣ್ಣ ಕಂದಿತು. ಹಿಂದಿನ ಸೇವ್‌ಗೆ ಹೋಗಿ ಸರಿಪಡಿಸಬಹುದಿತ್ತು; ಹಾಗೇ ಬಿಟ್ಟಿದ್ದೇನೆ.

ಅಧ್ಯಾಯ ಮುಗಿದಿದೆ. ಅಧಿಕಾರವನ್ನು ಯಾರಿಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆದರೆ ಮುಂದೆ ಆಡುವವರಿಗೆ ತೊಂದರೆಯಾಗುತ್ತದೆ. ಒಪ್ಪಿಸಿದ ಮೇಲೆ ನಿಮ್‌ಡೋಕ್‌ಗೆ ಏನಾಗುತ್ತದೆ ಎಂಬುದನ್ನು ನೋಡುವಾಗ ಮಾತ್ರ, ಮೂರು ವಾರಗಳಲ್ಲಿ ಮೊದಲ ಬಾರಿಗೆ, ಪರದೆಯಿಂದ ಕಣ್ಣು ತೆಗೆಯಬೇಕೆಂದು ಅನ್ನಿಸಲಿಲ್ಲ.

ಟೆಡ್‌ನ ಕೋಟೆ ಉಳಿದಿದೆ. ಅಂದಹಾಗೆ, ನಾನು ಆಡುತ್ತಿರುವುದು ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಹಳೆಯ ಆಟಗಳನ್ನು ಇಂದಿನ ಗಣಕಗಳಲ್ಲಿ ಓಡಿಸುವ ಸ್ಕಮ್‌ವಿಎಮ್ ಎಂಬ ತಂತ್ರಾಂಶದ ಮೂಲಕ. ಆ ಸೇವ್ ಕಡತಗಳನ್ನು ಹೊಸ ಗಣಕಕ್ಕೆ ನಕಲು ಮಾಡಿಕೊಂಡರೆ ಅಲ್ಲಿಂದಲೇ ಮುಂದುವರಿಯಬಹುದೇ?

ಹಳೆಯ ಫ್ಲಾಪಿ

ಮುಂದುವರಿಯಬಹುದು. ಹೊಸ ಗಣಕದಲ್ಲಿ ಸ್ಕಮ್‌ವಿಎಮ್‌ನ ಆವೃತ್ತಿ ಹಳೆಯದಕ್ಕಿಂತ ಹಿಂದಿನದಾಗಿರದಂತೆ ನೋಡಿಕೊಳ್ಳಿ, ಮತ್ತು ಆಟವನ್ನು ಸೇರಿಸಿದಾಗ ಅದು ಕೊಡುವ ಗುರುತಿನ ಹೆಸರು ಎರಡೂ ಕಡೆ ಒಂದೇ ಆಗಿರಲಿ. ಸೇವ್ ಕಡತಗಳನ್ನು ಅದು ಆ ಹೆಸರಿನಿಂದಲೇ ಹುಡುಕುತ್ತದೆ. ಟೆಡ್‌ನ ಕೋಟೆಯಲ್ಲಿ ಯಾರ ಮಾತನ್ನೂ ಮೊದಲ ಸಲಕ್ಕೇ ನಂಬಬೇಡಿ, ಟೆಡ್‌ನದ್ದನ್ನೂ ಸೇರಿಸಿ.